ತಣ್ಣಗಿನ ಲಿವರ್

ಡೇನ್ ಕುಚೇರಾ ಕೇಳಿದ್ದು ಪ್ಯಾನ್‌ಕೇಕ್. ಅವನ ಮುಂದೆ ಬಂದು ಕೂತದ್ದು ಈರುಳ್ಳಿ ಹಾಕಿ ಹುರಿದು, ಆರಿ ತಣ್ಣಗಾದ ಲಿವರ್. ಹುಡುಗ ತಟ್ಟೆಯನ್ನು ನೋಡಿದ, ಅದನ್ನು ತಂದ ಹೋಟೆಲಿನ ವಿಲ್ಮಾಳನ್ನು ನೋಡಿದ, "ಥ್ಯಾಂಕ್ಯೂ ಮ್ಯಾಮ್" ಎಂದು ಫೋರ್ಕು ಕೈಗೆತ್ತಿಕೊಂಡ.

ಎದುರಿಗೆ ಕೂತಿದ್ದ ಗಾರ್ಲ್ಯಾಂಡ್ ಪ್ರೂಯಿಟ್ ಮೀಸೆಯಡಿಯಲ್ಲೇ ನಕ್ಕ. ಹುಡುಗ ಬರುವ ಮುಂಚೆಯೇ ವಿಲ್ಮಾಳ ಕಿವಿಯಲ್ಲಿ ಊದಿ ಈ ಏರ್ಪಾಡು ಮಾಡಿದ್ದವನು ಅವನೇ. ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗಿನ ತಂಡವೊಂದಕ್ಕೆ ಕಾಲೇಜು ಹುಡುಗರನ್ನು ಅಳೆದು ತೂಗಿ ಹೇಳುವುದು ಪ್ರೂಯಿಟ್‌ನ ಕಸುಬು. ನಿನ್ನೆ ಮೈದಾನದಲ್ಲಿ ಡೇನ್‌ನ ತೋಳು ನೋಡಿದ್ದಾಗಿತ್ತು. ಚೆಂಡು ದಾರ ಕಟ್ಟಿ ಎಳೆದ ಹಾಗೆ ಓಡುವವನ ಎದೆಗೇ ಹೋಗಿ ಸೇರುತ್ತಿತ್ತು. ಆದರೆ ಎದುರಾಳಿಯೇ ಇಲ್ಲದ ಬಯಲಿನಲ್ಲಿ ಯಾರು ಬೇಕಾದರೂ ಎಸೆದಾರು! ಹೋದ ವರ್ಷ ಅಂಥದೇ ಒಂದು ತೋಳಿಗೆ ಮರುಳಾಗಿ ಪ್ರೂಯಿಟ್ "ತಗೊಳ್ಳಿ" ಅಂದಿದ್ದ. ಆ ಪುಣ್ಯಾತ್ಮ ನಾಲ್ಕು ಜನ ಮೈಮೇಲೆ ನುಗ್ಗಿದ ಕೂಡಲೇ ಚೆಂಡನ್ನು ಎದುರಾಳಿಯ ಕೈಗೇ ಕೊಟ್ಟು ತಂಡದ ಮಾನ ಕಳೆದ. ಈ ಸಲವೂ ತಪ್ಪಿದರೆ ಮನೆಯಲ್ಲೇ ಇರು ಎಂದು ಮ್ಯಾನೇಜರ್ ಬಾಯಿಬಿಟ್ಟೇ ಹೇಳಿದ್ದ. ಮಧ್ಯಾಹ್ನದೊಳಗೆ ಫೋನಿನಲ್ಲಿ ಹೌದು ಇಲ್ಲವೇ ಬೇಡ ಅನ್ನಬೇಕು. ಎಣಿಸಿದ್ದು ಕೈಕೊಟ್ಟಾಗ, ಚೆಂಡೆಸೆದು ಇಡೀ ತಂಡವನ್ನು ಆಡಿಸುವ ಕ್ವಾರ್ಟರ್‌ಬ್ಯಾಕ್‌ನ ತಲೆ ಕೆಡಬಾರದು. ಅದಕ್ಕೇ ಈ ತಟ್ಟೆಯ ಪರೀಕ್ಷೆ.

"ಹೇಗಿದೆಯಪ್ಪಾ?"

"ಚೆನ್ನಾಗಿದೆ, ಸರ್."

ಕಾಫಿ ಸುರಿಯಲು ಬಂದ ವಿಲ್ಮಾಳಿಗೆ ಇನ್ನು ತಡೆಯಲಾಗಲಿಲ್ಲ. "ಚೆನ್ನಾಗಿರದೆ ಏನು! ಅಭ್ಯಾಸ ಆಗೋಗಿದೆ ಅವನಿಗೆ. ಈ ವಾರ ಇದು ನಾಲ್ಕನೇ ಲಿವರ್. ನಿಮ್ಮಂಥೋರು ಒಬ್ಬೊಬ್ಬರೇ ಬರ್ತೀರಿ, ನನ್ನ ಕಿವಿ ಕಚ್ತೀರಿ, ಲೋಕದಲ್ಲಿ ಯಾರಿಗೂ ಹೊಳೀದೆ ಇದ್ದದ್ದು ನಿಮಗೇ ಹೊಳೀತು ಅನ್ನೋ ಥರ ಕಣ್ಣು ಹೊಡೀತೀರಿ. ಸೋಮವಾರದಿಂದ ಒಂದು ಪ್ಯಾನ್‌ಕೇಕ್ ಕಂಡಿಲ್ಲ ಪಾಪ, ಈ ಮಗು!"

ಪ್ರೂಯಿಟ್‌ನ ಕಿವಿ ಕೆಂಪಾಯಿತು. ಅವನಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

"ಲೋ, ನಿನಗೆ ಗೊತ್ತಿತ್ತೇನೋ, ಇದು ಪರೀಕ್ಷೆ ಅಂತ?"

"ಎರಡನೇ ದಿನವೇ ಗೊತ್ತಾಯ್ತು, ಸರ್. ಈ ಮ್ಯಾಮ್ ತಟ್ಟೆ ನನ್ನ ಮುಂದೆ ಇಟ್ಟು, ಎದುರಿಗೆ ಕೂತೋರ ಮುಖ ನೋಡಿದ್ರು."

"ಮತ್ತೆ ಯಾಕೆ ತಿಂದೆ?"

"ಕೊಟ್ಟಿದ್ದನ್ನ ಸುಮ್ಮನೆ ತಿಂದು ಒಳ್ಳೇ ಹುಡುಗ ಅನ್ನಿಸ್ಕೋ ಅಂತ ನಮ್ಮ ಕೋಚ್ ಹೇಳಿದ್ರು."

ಒಳ್ಳೇ ಹುಡುಗ! ಆ ಮಾತು ಪ್ರೂಯಿಟ್‌ಗೆ ಹಿಡಿಸಲಿಲ್ಲ. ನವೆಂಬರಿನ ಕೊನೆಯ ಪಂದ್ಯದ ವಿಡಿಯೊ ಅವನ ಕಣ್ಣಿಗೆ ಕಟ್ಟಿತು. ಕೋಚ್ ಹೇಳಿಕಳಿಸಿದ ಆಟ ಬಲಕ್ಕೆ; ಡೇನ್‌ನನ್ನು ಕಾಯುವವರೆಲ್ಲ ಆ ಕಡೆ, ಎಡಗಡೆ ಬಟ್ಟಬಯಲು. ಎದುರಾಳಿಗಳಿಬ್ಬರು ಎಡಗಡೆಯಿಂದ ನುಗ್ಗಲು ಹೊಂಚುಹಾಕಿ ನಿಂತಿದ್ದರು. ಡೇನ್ ಹೇಳಿಸಿಕೊಂಡಂತೆಯೇ ಆಡಿದ, ಆ ಇಬ್ಬರ ಕೆಳಗೆ ಅಪ್ಪಚ್ಚಿಯಾದ, ಪಂದ್ಯ ಹೋಯಿತು. ಆ ವಿಡಿಯೊವನ್ನು ಹಿಂದೆ ಮುಂದೆ ಓಡಿಸಿ ನೋಡಿ ಪ್ರೂಯಿಟ್ ಒಂದು ತೀರ್ಮಾನಕ್ಕೆ ಬಂದಿದ್ದ: ತೋಳು ಚಿನ್ನ, ಕಣ್ಣು ಮಂದ.

"ಆ ಕೊನೇ ಆಟದಲ್ಲಿ ಎಡಗಡೆ ಇದ್ದ ಇಬ್ಬರನ್ನ ನೋಡಿದ್ಯಾ?"

"ನೋಡಿದ್ದೆ, ಸರ್."

"ನೋಡಿದ್ದೆ!" ಪ್ರೂಯಿಟ್ ಮೇಜಿಗೆ ಗುದ್ದಿದ ಏಟಿಗೆ ಕಾಫಿ ತುಳುಕಿತು. "ನೋಡಿಯೂ ಯಾಕೆ ಕೂಗಿ ಆಟ ಬದಲಾಯಿಸ್ಲಿಲ್ಲ? ಅಷ್ಟು ದೊಡ್ಡ ಮೈದಾನದಲ್ಲಿ ಆ ಅಧಿಕಾರ ಇದ್ದದ್ದು ನಿನಗೊಬ್ಬನಿಗೇ ಅಲ್ವೇನೋ?"

"ಕೋಚ್ ಹೇಳಿದ ಆಟ, ಸರ್..."

"ಅದೂ ತಣ್ಣಗಿನ ಲಿವರ್ರೇ ಕಣೋ! ಹತ್ತು ಜನ ನಿನ್ನ ಬಾಯಿ ನೋಡ್ತಾ ನಿಂತಿದ್ರು. ನೀನೂ ನುಂಗಿದೆ, ಅವರಿಗೂ ನುಂಗಿಸಿದೆ. ಕುರುಡನಾಗಿದ್ರೆ ಬೇಡ ಅಂದು ಎದ್ದು ಹೋಗ್ತಿದ್ದೆ. ಕಣ್ಣಿದ್ದೂ ಬಾಯಿ ಹೊಲ್ಕೊಂಡಿರೋನನ್ನ ನಾನೇನು ಮಾಡ್ಲಿ?"

ಕೌಂಟರಿನಲ್ಲಿ ಕೂತಿದ್ದ ಜೋಳದ ರೈತರು ಟೋಪಿ ಸಮೇತ ಇತ್ತ ತಿರುಗಿದರು. ಅಷ್ಟರಲ್ಲಿ, ಪ್ರೂಯಿಟ್ ತನಗೆಂದು ಹೇಳಿದ್ದ ತಟ್ಟೆಯನ್ನು ವಿಲ್ಮಾ ತಂದಿಟ್ಟಳು. ಒಂದರ ಮೇಲೊಂದು ಪೇರಿಸಿದ ಪ್ಯಾನ್‌ಕೇಕ್, ಮೇಲೆ ಕರಗುತ್ತಿರುವ ಬೆಣ್ಣೆ. ಪ್ರೂಯಿಟ್ ಸಿಟ್ಟಿನಲ್ಲೇ ಸಿರಪ್ ಸುರಿದುಕೊಂಡು ಫೋರ್ಕಿಗೆ ಕೈಹಾಕಿದ.

ಡೇನ್ ಆ ತಟ್ಟೆ ನೋಡಿದ, ತನ್ನದು ನೋಡಿದ. ಆಮೇಲೆ ಪ್ಯಾನ್‌ಕೇಕ್ ತಟ್ಟೆಯನ್ನು ಎರಡೂ ಕೈಯಲ್ಲಿ ಸರಕ್ಕನೆ ತನ್ನತ್ತ ಎಳೆದುಕೊಂಡು, ಲಿವರನ್ನು ಪ್ರೂಯಿಟ್‌ನ ಎದೆಯ ಮುಂದಕ್ಕೆ ನೂಕಿದ.

"ಆಟ ಬದಲು, ಸರ್!" ಎಂದ, ಕೌಂಟರಿನ ಆ ತುದಿಗೂ ಕೇಳುವಷ್ಟು ಗಟ್ಟಿಯಾಗಿ.

ವಿಲ್ಮಾ ಬಾಯಿಗೆ ಕೈ ಅಡ್ಡ ಹಿಡಿದಳು. ಪ್ರೂಯಿಟ್ ಕಣ್ಣು ಕಿರಿದು ಮಾಡಿದ. "ಇದನ್ನೂ ನಾನು ಹೇಳಿದೆ ಅಂತ ಮಾಡಿದ್ಯಾ?"

"ನಿಮ್ಮ ತಿಂಡಿ ಕಿತ್ಕೋ ಅಂತ ನೀವು ಹೇಳಲೇ ಇಲ್ಲವಲ್ಲ, ಸರ್," ಎಂದ ಡೇನ್. ಆಗಲೇ ಅವನ ಬಾಯಿ ತುಂಬಿತ್ತು.

ಪ್ರೂಯಿಟ್‌ನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಮ್ಯಾನೇಜರ್. "ತೋಳಿನ ವಿಷಯ ಬಿಡು ಪ್ರೂಯಿಟ್, ಹುಡುಗ ಹೇಗೆ? ಹೌದೋ, ಬೇಡವೋ?"

"ಹೌದು."

"ಹೋದ ವರ್ಷವೂ ಹಿಂಗೇ ಅಂದಿದ್ದೆ. ಈ ಸಲ ಏನು ಕಂಡೆ, ಅದನ್ನ ಹೇಳು."

"ಆಮೇಲೆ ಹೇಳ್ತೀನಿ," ಎಂದ ಪ್ರೂಯಿಟ್ ಕಷ್ಟಪಟ್ಟು ಜಗಿಯುತ್ತಾ. "ಈಗ ಬಾಯಲ್ಲಿ ಲಿವರ್ ಇದೆ."