ಪೂರ್ತಿ ಗುಣ

ಬಾಣಂತಿಯ ಮೈಮೇಲೆ ಅಂಗೈಯಗಲ ನೀಲಿ ಕಲೆಗಳೆದ್ದಾಗ ಬೇರೆ ಡಾಕ್ಟರುಗಳು ಎಲ್ಲೋ ಬಿದ್ದಿರಬೇಕು ಎಂದಿದ್ದರು. ಹೆರಿಗೆಯ ನಂತರ ಅವಳ ದೇಹವೇ ತನ್ನ ರಕ್ತದ ಮೇಲೆ ತಿರುಗಿಬಿದ್ದಿದೆ, ಅದಕ್ಕೇ ರಕ್ತ ಹೆಪ್ಪುಗಟ್ಟುತ್ತಿಲ್ಲ ಎಂದು ಪತ್ತೆಹಚ್ಚಿದವರು ಈ ಡಾಕ್ಟರಮ್ಮ. ಅಂದೇ ಗಂಡನನ್ನು ಕರೆದು, "ಸಣ್ಣ ಏಟು ಬಿದ್ರೂ ಒಳಗೇ ರಕ್ತ ಸುರಿದು ಜೀವ ಹೋಗುತ್ತೆ, ಹುಷಾರು" ಎಂದು ಗದರಿಸಿಯೇ ಹೇಳಿದ್ದರು. ಅವನು ಮಂಚದ ಮೂಲೆಗಳಿಗೂ ಬಟ್ಟೆ ಸುತ್ತಿದನಂತೆ. ಇಂಥ ಗಂಡ ಎಲ್ಲರಿಗೂ ಸಿಗಬೇಕು ಎಂದುಕೊಂಡಿದ್ದರು ಡಾಕ್ಟರಮ್ಮ.

ತಿಂಗಳುಗಟ್ಟಲೆ ಮಾತ್ರೆ, ಇಂಜೆಕ್ಷನ್ನು ನಡೆದ ಮೇಲೆ ಇವತ್ತು ರಿಪೋರ್ಟು ಚೊಕ್ಕವಾಗಿ ಬಂದಿತ್ತು.

"ಗೆದ್ದುಬಿಟ್ಟೆ ಕಣಮ್ಮ! ಪೂರ್ತಿ ಗುಣ ಆಗಿದೆ."

ಅವಳು ನಗಲಿಲ್ಲ. ಮಗುವನ್ನು ಎದೆಗವಚಿಕೊಂಡು ಬಾಗಿಲ ಕಡೆ ನೋಡಿದಳು.

"ಇನ್ನೂ ಗುಣ ಆಗಿಲ್ಲ ಅಂತ ನಮ್ಮನೆಯವರಿಗೆ ಹೇಳಿ ಮೇಡಂ."

"ಅಯ್ಯೋ, ಈಗಷ್ಟೇ ಹೊರಗಡೆ ಅವರಿಗೆ ಹೇಳಿ ಬಂದೆನಲ್ಲಮ್ಮ! ಇನ್ನು ಯಾವ ಭಯಾನೂ ಇಲ್ಲ ಅಂದೆ, ಎಷ್ಟು ಸಮಾಧಾನ ಆಯ್ತು ಗೊತ್ತಾ ಅವರಿಗೆ! ಯಾಕಮ್ಮ?"

ಅವಳು ದನಿ ತಗ್ಗಿಸಿದಳು.

"ಏಟು ಬಿದ್ರೆ ಸಾಯ್ತಾಳೆ ಅಂತ ನೀವು ಹೆದರಿಸಿದ ಮೇಲೇ ಮೇಡಂ, ಅವರು ನನ್ನ ಹೊಡೆಯೋದು ಬಿಟ್ಟಿದ್ದು."