ಒಳಜೇಬು

ಅಂಗಡಿಯವರು ಫೋನಿಗೆಂದು ಅತ್ತ ತಿರುಗಿದ್ದೇ ತಡ, ಅವನು ತಟ್ಟೆಯಿಂದ ಉಂಗುರವೊಂದನ್ನು ಎತ್ತಿ ಅಂಗೈಯಲ್ಲಿ ಅಡಗಿಸಿಕೊಂಡ. ಕೆಮ್ಮಿ, ಎದೆ ನೀವಿಕೊಳ್ಳುವವನಂತೆ ಕೋಟಿನೊಳಗೆ ಕೈ ಹಾಕಿದ. ಲೈನಿಂಗಿನಲ್ಲಿ ಯಾರಿಗೂ ಕಾಣದ ಒಂದು ಜೇಬಿತ್ತು. ಎಷ್ಟೋ ಊರಿನ ಉಂಗುರಗಳು ಹೀಗೇ ಅದರೊಳಗೆ ಇಳಿದುಹೋಗಿದ್ದವು.

ಇವತ್ತು ಬೆರಳು ಒಳಗೆ ಹೋಗಲಿಲ್ಲ.

ಪಕ್ಕದಲ್ಲಿ ಅವಳು ಗಾಜಿನೊಳಗಿನ ಬಳೆ ನೋಡುತ್ತ ಕೂತಿದ್ದಳು. ಹಿಂದಿನ ಬೀದಿಯ ಹೊಲಿಗೆ ಅಂಗಡಿ ಅವಳದು. ಗುಂಡಿ ಹಾಕಿಸಲು ಹೋದವನು ಮನಸ್ಸು ಬಿಟ್ಟು ಬಂದಿದ್ದ. ಅವಳಿಗೆ ಹೇಳಿದ ಹೆಸರು, ಕೆಲಸ, ಸ್ವಂತ ಮನೆ ಎಲ್ಲ ಸುಳ್ಳು. ಮದುವೆಯಾಗುತ್ತೇನೆ ಅಂದದ್ದೊಂದು ನಿಜ. 'ರೀ' ಅಂತ ಕರಿ ಎಂದು ಎಷ್ಟು ಗೋಗರೆದರೂ ಅವಳ ಬಾಯಲ್ಲಿ ಅವನಿನ್ನೂ 'ಕೋಟಿನವರೇ'. ಮದುವೆಯ ಉಂಗುರ ಆರಿಸಲು ಬಂದ ಜೋಡಿಯ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಇದೊಂದು ಸಲ, ಆಮೇಲೆ ಬಿಟ್ಟೇಬಿಡುತ್ತೇನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಿದ್ದ.

ಮತ್ತೆ ಕೆಮ್ಮಿದ. ಬೆರಳುಗಳು ಜೇಬಿನ ಬಾಯಿಗಾಗಿ ತಡಕಾಡಿದವು. ಸಿಕ್ಕಿದ್ದು ಬರೀ ಹೊಲಿಗೆ, ಒತ್ತೊತ್ತಾಗಿ, ಗಟ್ಟಿಯಾಗಿ. ಗುಂಡಿ ಸಡಿಲವಾಗಿದೆ ಎಂದು ನಿನ್ನೆ ಅವಳೇ ಕೋಟು ಕೇಳಿ ಇಸ್ಕೊಂಡಿದ್ದಳು.

"ನೀರು ಕೊಡ್ಲಾ ಸಾರ್?" ಅಂಗಡಿಯವರು ಫೋನಿಟ್ಟು ಕೇಳಿದರು.

"ಬೇಡ, ಬೇಡ. ಸ್ವಲ್ಪ ಧೂಳು."

"ನಮ್ಮ ಅಂಗಡೀಲಿ ಧೂಳಾ?" ಅಂದವರ ಕಣ್ಣು ತಟ್ಟೆಗೆ ಇಳಿಯಿತು. ಉಂಗುರಗಳ ಸಾಲಿನಲ್ಲಿ ಒಂದು ಜಾಗ ಖಾಲಿ. "ಇಲ್ಲೊಂದು ಹೂವಿನ ಉಂಗುರ ಇತ್ತಲ್ಲ?"

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಕಾವಲಿನವನು ಮೀಸೆ ತೀಡುತ್ತ ನಿಂತಿದ್ದ. ಬೆವೆತ ಅಂಗೈಯಲ್ಲಿ ಉಂಗುರ ಜಾರುತ್ತಿತ್ತು.

"ಅವ್ರ ಕೈಯಲ್ಲೇ ಇದೆ ಬಿಡಿ," ಅಂದಳು ಅವಳು.

ಅವನು ತಿರುಗಿ ನೋಡಿದರೆ ಅವಳು ಬೆರಳು ಚಾಚಿ ಕೂತಿದ್ದಾಳೆ.

"ಆಗ್ಲಿಂದ ತೊಡಿಸೋಕೆ ನಾಚ್ಕೊಂಡು ಬಚ್ಚಿಟ್ಕೊಂಡಿದಾರೆ."

ಅಂಗಡಿಯವರು ಹೊಟ್ಟೆ ಕುಲುಕಿಸಿ ನಕ್ಕರು. ಅವನು ತೊಡಿಸಿದ. ಉಂಗುರ ಹೇಳಿ ಮಾಡಿಸಿದ ಹಾಗೆ ಕೂತಿತು.

"ಇದೇ ಇರ್ಲಿ. ಬಿಲ್ ಹಾಕಿ," ಅಂದಳು.

ಅವನು ಎದ್ದುಬಿಟ್ಟ. "ಅಯ್ಯೋ, ಪರ್ಸು ಮನೇಲೇ ಮರೆತು ಬಂದಿದೀನಿ. ಒಂದೇ ನಿಮಿಷ, ಓಡಿಹೋಗಿ ತಂದುಬಿಡ್ತೀನಿ."

ಅವಳು ಕೋಟಿನ ಅಂಚು ಹಿಡಿದು ಮೆಲ್ಲಗೆ ಅವನನ್ನು ಕೂರಿಸಿದಳು. ಕಾಲರಿಗೆ ಅಂಟಿದ್ದ ನೂಲಿನ ತುಣುಕೊಂದನ್ನು ಹೆಕ್ಕಿ ತೆಗೆದಳು.

"ರೀ, ಪರ್ಸು ಬಲಗಡೆ ಜೇಬಲ್ಲಿದೆ ನೋಡಿ. ಅದೊಂದನ್ನ ಮಾತ್ರ ಹೊಲಿದಿಲ್ಲ."