ಎಂಜಿನ್ನಿನ ಹಣೆ

ಎನಾಮಲ್ ಬಣ್ಣದ ಡಬ್ಬಿ ತೆರೆದರೆ ಇಂದಿಗೂ ನನ್ನ ಮೂಗಿಗೆ ಮೊದಲು ಬರುವುದು ವಿಭೂತಿಯ ವಾಸನೆ.

ತಿಪಟೂರಿನ ನಮ್ಮ ಮನೆಗೆ ಹಳೆಯ ಕಾರೊಂದು ಬಂದ ಹೊಸತು. ತುಕ್ಕು ಹಿಡಿದಿದ್ದ ಎಂಜಿನ್ನಿನ ಮೇಲ್ಮುಚ್ಚಳವನ್ನು ಅಪ್ಪ ಬಿಚ್ಚಿ, ಸೀಮೆಎಣ್ಣೆ ಹಾಕಿ ತೆಂಗಿನ ನಾರಿನಿಂದ ಉಜ್ಜಿ, ಗಿಳಿಹಸಿರು ಬಣ್ಣ ಬಳಿದರು. ಅಂಗಳದಲ್ಲಿ ಒಣಗುತ್ತಿದ್ದ ಕೊಬ್ಬರಿಯ ಪಕ್ಕದಲ್ಲೇ ಅದನ್ನು ಬಿಸಿಲಿಗಿಟ್ಟು ಸ್ನಾನಕ್ಕೆ ಹೋದರು. ಬರುವಷ್ಟರಲ್ಲಿ ಹಸಿ ಬಣ್ಣದ ಮೇಲೆ ಮೂರು ಪಟ್ಟೆ ವಿಭೂತಿ ಕೂತಿತ್ತು. ಅಜ್ಜಿಯ ಮೂರು ಬೆರಳೂ ಹಸಿರಾಗಿದ್ದವು.

“ಏನವ್ವಾ ಇದು!”

“ಹೊಸಾದು ಕಣಪ್ಪ. ಬರೀ ಹಣೇಲಿ ಬುಡಾಕಾಯ್ತದಾ?”

“ಎಂಜಿನ್ನಿಗೆ ಹಣೆ ಎಲ್ಲೈತೆ?”

“ಮ್ಯಾಲಿರೋದೇ ಹಣೆ.”

ಡಬ್ಬಿಯಲ್ಲಿ ಬಣ್ಣ ಮುಗಿದಿತ್ತು, ಮರುದಿನವೇ ಹುಳಿಯಾರಿನಲ್ಲಿ ಮದುವೆ. ಅಪ್ಪ ಹಲ್ಲು ಕಡಿಯುತ್ತಾ ಅದನ್ನೇ ಕೂರಿಸಿದರು.

ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ಕಾರು ಕಾದು ನಿಂತಿತು. ಅಪ್ಪ ಬಾನೆಟ್ ಎತ್ತಿದರು. ಹಬೆಯ ನಡುವೆ ವಿಭೂತಿ ಬೆಳ್ಳಗೆ ಕಂಡಿತು. ಕುರಿ ಹೊಡೆದುಕೊಂಡು ಬರುತ್ತಿದ್ದ ಮುದುಕರೊಬ್ಬರು ಅದನ್ನು ನೋಡಿದ್ದೇ, ಕೆರ ಬಿಟ್ಟು ಕೈಮುಗಿದರು.

“ಯಾವ ದ್ಯಾವ್ರು ಸ್ವಾಮೀ?”

ಅಪ್ಪ ಬಾಯಿ ತೆರೆಯುವ ಮೊದಲೇ ಅಜ್ಜಿ ಹಿಂದಿನ ಸೀಟಿನಿಂದ ಕೂಗಿದರು: “ನಮ್ಮನೆ ದ್ಯಾವ್ರು ಕಣಪ್ಪ. ಒಂದು ಬಿಂದಿಗೆ ನೀರು ಬೇಕಂತೆ.”

ಮುದುಕರು ಬರಿಗಾಲಲ್ಲೇ ಹೋಗಿ ಪಕ್ಕದ ತೋಟದಿಂದ ನೀರು ತಂದುಕೊಟ್ಟು, ಮತ್ತೆ ಕೈಮುಗಿದು ನಿಂತರು. ರೇಡಿಯೇಟರಿಗೆ ನೀರು ಹೊಯ್ಯಲು ಬಿಂದಿಗೆ ಎತ್ತಿದ ಅಪ್ಪ, ಮುದುಕರ ಮುಖ ನೋಡಿ ಒಂದು ಕ್ಷಣ ತಡೆದರು. ಆಮೇಲೆ ಮೆಲ್ಲಗೆ ತಾವೂ ಚಪ್ಪಲಿ ಬಿಟ್ಟರು.